ಹೆರಾಲ್ಡ್ ಗಿಲೀಸ್

ಸರ್ ಹೆರಾಲ್ಡ್ ಡೆಲ್ಫ್ ಗಿಲೀಸ್ (17 ಜೂನ್ 1882 – 10 ಸೆಪ್ಟೆಂಬರ್ 1960) ನ್ಯೂಜಿಲೆಂಡ್ ಮೂಲದ ಬ್ರಿಟಿಷ್ ಶಸ್ತ್ರವೈದ್ಯರು. ಮೊದಲನೆಯ ಮಹಾಯುದ್ಧದಲ್ಲಿ ಮೂಗು, ತುಟಿ, ದವಡೆಗಳನ್ನು ಕಳೆದುಕೊಂಡ ಸೈನಿಕರ ಮುಖಗಳನ್ನು ಪುನಾರಚಿಸಿದ ಇವರನ್ನು ಆಧುನಿಕ ಸುರೂಪಿಕಾ ಶಸ್ತ್ರಚಿಕಿತ್ಸೆಯ ಪಿತಾಮಹರೆಂದು ಪರಿಗಣಿಸಲಾಗಿದೆ. ಶಸ್ತ್ರ ಹಿಡಿಯುವ ಮೊದಲೇ ಇಡೀ ಚಿಕಿತ್ಸೆಯನ್ನು ಯೋಜಿಸಿಕೊಳ್ಳಬೇಕೆಂಬುದು ಇವರ ಮುಖ್ಯ ಬೋಧನೆಯಾಗಿತ್ತು.

ಜನನ ಮತ್ತು ಶಿಕ್ಷಣ

ಗಿಲೀಸ್ ನ್ಯೂಜಿಲೆಂಡಿನ ಡ್ಯುನೆಡಿನ್ ನಗರದಲ್ಲಿ ಜನಿಸಿದರು. ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿಯೂ ಲಂಡನ್ನಿನ ಸೇಂಟ್ ಬಾರ್ತಲೋಮಿಯೊ ಆಸ್ಪತ್ರೆಯಲ್ಲಿಯೂ ವ್ಯಾಸಂಗ ಮಾಡಿ, ಕಿವಿ, ಮೂಗು, ಗಂಟಲುಗಳ ತಜ್ಞರಾದರು.

ಯುದ್ಧಕಾಲದ ಸೇವೆ

1915ರಲ್ಲಿ ಸೇನಾ ವೈದ್ಯದಳವನ್ನು ಸೇರಿ ಫ್ರಾನ್ಸಿಗೆ ತೆರಳಿದ ಗಿಲೀಸ್, ಅಲ್ಲಿ ದವಡೆಯ ಗಾಯಗಳಿಗೆ ನಡೆಯುತ್ತಿದ್ದ ಹೊಸ ಬಗೆಯ ಚಿಕಿತ್ಸೆಯನ್ನು ಕಂಡರು. 1916ರಲ್ಲಿ ಇವರ ಒತ್ತಾಯದ ಫಲವಾಗಿ ಆಲ್ಡರ್‌ಷಾಟ್‌ನ ಸೇನಾ ಆಸ್ಪತ್ರೆಯಲ್ಲಿ ಮುಖದ ಗಾಯಗಳಿಗೆಂದೇ ಒಂದು ವಿಭಾಗ ಆರಂಭವಾಯಿತು. ಅದೇ ವರ್ಷ ಸೋಮ್ ಕದನದ ಸುಮಾರು 2,000 ಗಾಯಾಳುಗಳು ಬಂದಾಗ ಆ ವಿಭಾಗ ಸಾಲದಾಯಿತು. 1917ರಲ್ಲಿ ಸಿಡ್‌ಕಪ್‌ನಲ್ಲಿ ಕ್ವೀನ್ಸ್ ಆಸ್ಪತ್ರೆ ಸ್ಥಾಪನೆಗೊಂಡಿತು. ಅಲ್ಲಿ 5,000ಕ್ಕೂ ಹೆಚ್ಚು ಜನರಿಗೆ 11,000ಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳು ನಡೆದವು. ಶಸ್ತ್ರವೈದ್ಯರೂ ಚಿತ್ರಕಾರರೂ ಆಗಿದ್ದ ಹೆನ್ರಿ ಟಾಂಕ್ಸ್ ಗಾಯಾಳುಗಳ ಮುಖಗಳನ್ನು ಚಿತ್ರಿಸಿ ದಾಖಲಿಸಿದರು.

ಮೂಗಿನ ಪುನಾರಚನೆ

ಹಣೆಯ ಚರ್ಮದಿಂದ ಮೂಗನ್ನು ರಚಿಸುವ ವಿಧಾನವು ಭಾರತದ್ದು. ಮೂರನೆಯ ಮೈಸೂರು ಯುದ್ಧದಲ್ಲಿ ಟಿಪ್ಪು ಸುಲ್ತಾನನ ಸೈನ್ಯಕ್ಕೆ ಸೆರೆಸಿಕ್ಕು ಮೂಗನ್ನು ಕಳೆದುಕೊಂಡ ಕೊವಾಸ್‌ಜಿ ಎಂಬ ಬಂಡಿ ಹೊಡೆಯುವವನಿಗೆ ಪುಣೆಯ ಬಳಿ ಹೀಗೆ ಮೂಗು ರಚಿಸಿದ ವರದಿ 1794ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಗಿ, ಯುರೋಪಿನ ವೈದ್ಯರ ಗಮನ ಸೆಳೆದಿತ್ತು. ಗಿಲೀಸ್ ಈ ವಿಧಾನವನ್ನು ಬೆಳೆಸಿದರು. ಹೊರಚರ್ಮ ಮಾತ್ರವೇ ಇದ್ದರೆ ಹೊಸ ಮೂಗು ಕಾಲಕ್ರಮದಲ್ಲಿ ಕುಗ್ಗಿಹೋಗುತ್ತದೆ. ಆದುದರಿಂದ ಒಳಪದರ, ಆಧಾರ, ಹೊದಿಕೆ ಮೂರನ್ನೂ ಅವರು ಒದಗಿಸುತ್ತಿದ್ದರು. ಆಧಾರಕ್ಕೆ ಪಕ್ಕೆಲುಬಿನ ಮೃದ್ವಸ್ಥಿಯನ್ನು ಬಳಸುತ್ತಿದ್ದರು. ಮುಖದ ಪ್ಲಾಸ್ಟರ್ ಅಚ್ಚನ್ನು ತೆಗೆದು, ನಷ್ಟವಾದ ಭಾಗದ ಆಕಾರವನ್ನು ಮೊದಲೇ ನಿರ್ಧರಿಸಿ, ತೆಳುತಗಡಿನ ಮಾದರಿಯಿಂದ ಬೇಕಾಗುವ ಚರ್ಮವನ್ನು ಅಳೆಯುವುದು ಈ ಯೋಜನೆಯ ಭಾಗವಾಗಿತ್ತು.

1917ರ ಅಕ್ಟೋಬರಿನಲ್ಲಿ, ದೇಹದಿಂದ ಎತ್ತಿದ ಚರ್ಮದ ಪಟ್ಟಿಯ ಅಂಚುಗಳು ಒಳಮುಖವಾಗಿ ಸುರುಳಿಕೊಳ್ಳುವುದನ್ನು ಗಮನಿಸಿ ಅದನ್ನು ಕೊಳವೆಯಂತೆ ಹೊಲಿದರು. ಇದರಿಂದ ರಕ್ತಸಂಚಾರ ಉಳಿದು, ಸೋಂಕಿನ ಭಯ ತಗ್ಗಿತು. ಪ್ರತಿಜೈವಿಕ ಔಷಧಗಳಿಲ್ಲದ ಆ ಕಾಲದಲ್ಲಿ ಇದು ಮಹತ್ತ್ವದ ಹೆಜ್ಜೆ. ಆದರೆ 1918ರಲ್ಲಿ, ಮುಖ ಸುಟ್ಟಿದ್ದ ಯುವ ವೈಮಾನಿಕನೊಬ್ಬನಿಗೆ ಎದೆಯ ಚರ್ಮವನ್ನು ಒಂದೇ ಬಾರಿಗೆ ಜೋಡಿಸಿದಾಗ ಕಸಿ ವಿಫಲವಾಗಿ ಅವನು ಮೃತಪಟ್ಟನು. ದೊಡ್ಡ ಕಾರ್ಯವನ್ನು ಹಂತಹಂತವಾಗಿ, ಅವಸರವಿಲ್ಲದೆ ಮಾಡಬೇಕೆಂಬ ತತ್ತ್ವಕ್ಕೆ ಗಿಲೀಸ್ ಅನಂತರ ಇನ್ನಷ್ಟು ಬದ್ಧರಾದರು.

ಕೊನೆಯ ವರ್ಷಗಳು

1920ರಲ್ಲಿ ಇವರ ಮುಖ ಶಸ್ತ್ರಚಿಕಿತ್ಸೆಯ ಗ್ರಂಥ ಪ್ರಕಟವಾಯಿತು. 1930ರಲ್ಲಿ ಸರ್ ಪದವಿ ದೊರೆಯಿತು. ಎರಡನೆಯ ಮಹಾಯುದ್ಧದಲ್ಲಿ ಬೇಸಿಂಗ್‌ಸ್ಟೋಕ್ ಬಳಿಯ ರೂಕ್ಸ್‌ಡೌನ್ ಹೌಸ್‌ನಲ್ಲಿ ಸೇವೆ ಸಲ್ಲಿಸಿದರು. 1957ರಲ್ಲಿ ರಾಲ್ಫ್ ಮಿಲಾರ್ಡ್ ಅವರೊಡನೆ ಈ ಶಾಸ್ತ್ರದ ತತ್ತ್ವಗಳನ್ನು ಕುರಿತ ಗ್ರಂಥವನ್ನು ರಚಿಸಿದರು. 1960ರಲ್ಲಿ ತಮ್ಮ 78ನೆಯ ವಯಸ್ಸಿನಲ್ಲಿ ಲಂಡನ್ನಿನಲ್ಲಿ ನಿಧನರಾದರು.

ಪ್ರಭಾವ

ಇಂದು ಸಿ.ಟಿ. ಸ್ಕ್ಯಾನ್ ಚಿತ್ರಗಳಿಂದ ಗಣಕಯಂತ್ರದಲ್ಲಿ ಮುಖದ ಮೂರು ಆಯಾಮದ ಪ್ರತಿರೂಪವನ್ನು ರಚಿಸಿ, ಮೂಗಿನ ಆಕಾರವನ್ನೂ ಬೇಕಾದ ಚರ್ಮ, ಮೃದ್ವಸ್ಥಿಗಳ ಅಳತೆಯನ್ನೂ ಮುಂಚಿತವಾಗಿ ನಿರ್ಧರಿಸಬಹುದಾಗಿದೆ. ಉಪಕರಣಗಳು ಬದಲಾದರೂ, ಒಳಪದರ, ಆಧಾರ, ಹೊದಿಕೆಗಳೆಂಬ ಮೂರು ಅಗತ್ಯಗಳು ಮೂಗಿನ ಪುನಾರಚನೆಯ ಯೋಜನೆಗೆ ಈಗಲೂ ತಳಹದಿಯಾಗಿವೆ.