ನಮ್ಮ ನೆರೆಯ ಅರಸ ಇಮ್ಮಡಿ ವೀರಬಲ್ಲಾಳ

ಸುವರ್ಣ ಮಹೋತ್ಸವದ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಸಮಿತಿಯವರು ಫೋನ್ ಮಾಡಿದಾಗ ಶಾಲೆಯ ನೆನಪುಗಳನ್ನೇ ಬರೆಯೋಣವೆಂದುಕೊಂಡಿದ್ದೆ. ಆದರೆ ಅದನ್ನು ನನ್ನ ಜೊತೆಯವರು ಹತ್ತು ಜನ ಬರೆಯುತ್ತಾರೆ. ನಾನು ಈ ಶಾಲೆಯಲ್ಲಿ ಓದಿ, ಮುಂದೆ ಬೇರೆ ಊರುಗಳಲ್ಲಿ ಇತಿಹಾಸದ ಮೇಷ್ಟ್ರಾಗಿ ನಿವೃತ್ತನಾದವನು. ಹಗರೆಯ ಈ ಶಾಲೆಯಲ್ಲಿ ಹುಟ್ಟಿದ ಒಂದು ಪ್ರಶ್ನೆ ಕೊನೆಯವರೆಗೂ ನನ್ನ ಜೊತೆ ಬಂತು. ಅದು ಇಮ್ಮಡಿ ವೀರಬಲ್ಲಾಳನ ಬಗೆಗಿನ ಪ್ರಶ್ನೆ. ಆದ್ದರಿಂದ ಆತನ ಬದುಕನ್ನೇ ಬರೆಯುತ್ತಿದ್ದೇನೆ.

ನಾನಾಗ ಒಂಬತ್ತನೆಯ ತರಗತಿ. ಆ ವರ್ಷ ನಮ್ಮ ಮನೆಯಲ್ಲಿ ದೊಡ್ಡಣ್ಣ ಪಾಲು ಕೇಳಿದ್ದ. ಅಪ್ಪ ಗಟ್ಟಿಯಾಗಿ ಓಡಾಡಿಕೊಂಡು ಇರುವಾಗಲೇ ಮಗ ಪಾಲು ಕೇಳಿದನೆಂದು ಊರಲ್ಲಿ ಮಾತಾಯಿತು. ನಾಲ್ಕು ಜನ ಹಿರಿಯರು ಜಗಲಿಯ ಮೇಲೆ ಕೂತು ಪಂಚಾಯ್ತಿ ಮಾಡಿದರು. ಅಪ್ಪ ತಲೆ ತಗ್ಗಿಸಿ ಕೂತಿದ್ದನ್ನು ನಾನು ಬಾಗಿಲ ಹಿಂದಿನಿಂದ ನೋಡಿದ್ದೆ. ಅದೇ ವಾರ ತರಗತಿಯಲ್ಲಿ ಹೊಯ್ಸಳರ ಪಾಠ. ಪುಸ್ತಕದಲ್ಲಿ ಒಂದೇ ಸಾಲು: ತಂದೆ ನರಸಿಂಹನ ವಿರುದ್ಧ ದಂಗೆಯೆದ್ದು ಬಲ್ಲಾಳನು ಪಟ್ಟಕ್ಕೆ ಬಂದನು. ನಾನು ಎದ್ದು ನಿಂತು, ಅಪ್ಪನಿಂದ ರಾಜ್ಯ ಕಿತ್ತುಕೊಂಡವನನ್ನು ವೀರ ಎಂದು ಯಾಕೆ ಕರೆಯಬೇಕು ಎಂದು ಕೇಳಿಬಿಟ್ಟೆ. ಹುಡುಗರು ನಕ್ಕರು. ನಮ್ಮ ಮನೆಯ ವಿಷಯ ಊರಿಗೆಲ್ಲ ಗೊತ್ತಿತ್ತಲ್ಲ! ಮೇಷ್ಟ್ರು ನಗಲಿಲ್ಲ. ಶನಿವಾರ ಬೆಳಗಿನ ಕ್ಲಾಸು ಮುಗಿದ ಮೇಲೆ ಹಳೇಬೀಡಿಗೆ ಹೋಗೋಣ, ಅಲ್ಲಿ ಹೇಳುತ್ತೇನೆ ಎಂದರು.

ಹಗರೆಯವರಿಗೆ ಹಳೇಬೀಡೆಂದರೆ ಸಂತೆಗೆ, ಕಚೇರಿ ಕೆಲಸಕ್ಕೆ, ನೆಂಟರ ಮನೆಗೆ ಹೋಗುವ ಊರು. ಪರದೇಶದವರು ಕ್ಯಾಮೆರಾ ಹಿಡಿದು ಹುಡುಕಿಕೊಂಡು ಬರುವ ಊರು ನಮಗೆ ಪಕ್ಕದ ಊರು. ಅದೇ ಹೊಯ್ಸಳರ ರಾಜಧಾನಿ ದ್ವಾರಸಮುದ್ರ. ಬೇಲೂರಿನ ಚೆನ್ನಕೇಶವನ ಗುಡಿ ಕಟ್ಟಿಸಿದ ವಿಷ್ಣುವರ್ಧನನಿಗೆ ಒಂದು ಆಸೆ ಉಳಿದುಹೋಗಿತ್ತು. ಕಲ್ಯಾಣದ ಚಾಲುಕ್ಯರ ಅಧೀನ ತಪ್ಪಿ ಸ್ವತಂತ್ರನಾಗಬೇಕೆಂಬ ಆಸೆ ಅದು. ತಲಕಾಡನ್ನು ಗೆದ್ದ ಆ ಶೂರನಿಗೂ ಅದು ಪೂರ್ತಿ ಕೈಗೂಡಲಿಲ್ಲ. ಅವನ ನಂತರ ಮಗ ಒಂದನೆಯ ನರಸಿಂಹ ಪಟ್ಟಕ್ಕೆ ಬಂದ. ನರಸಿಂಹ ಮತ್ತು ರಾಣಿ ಏಚಲದೇವಿಯ ಮಗನೇ ನಮ್ಮ ಬಲ್ಲಾಳ.

ನರಸಿಂಹ ಕೆಟ್ಟವನೇನಲ್ಲ. ಅವನ ಕಾಲದಲ್ಲಿ ಹೊಯ್ಸಳೇಶ್ವರ ಗುಡಿಯ ಕೆಲಸ ಮುಂದುವರಿಯಿತು. ಅವನ ಭಂಡಾರಿ ಹುಳ್ಳರಾಜ 1159ರಲ್ಲಿ ಶ್ರವಣಬೆಳಗೊಳದಲ್ಲಿ ಕಟ್ಟಿಸಿದ ಭಂಡಾರಿ ಬಸದಿಗೆ ಅರಸ ತಾನೇ ಹೋಗಿ ಸವಣೇರು ಎಂಬ ಊರನ್ನು ದತ್ತಿ ಬಿಟ್ಟ. ಆದರೆ ಅವನು ಸುಖಪುರುಷ. ಅವನ ಅಂತಃಪುರದಲ್ಲಿ 384 ಮಂದಿ ಸ್ತ್ರೀಯರಿದ್ದರೆಂದು ಶಾಸನದ ಲೆಕ್ಕವೇ ಇದೆ. ಅಪ್ಪ ಗಳಿಸಿಟ್ಟ ಜಮೀನಿನಲ್ಲಿ ಆಳುಗಳ ಕೈಗೆ ಬೇಸಾಯ ಕೊಟ್ಟು ಜಗಲಿಯಲ್ಲಿ ಕೂತ ಯಜಮಾನನಂತೆ ಇದ್ದ ಎಂದರೆ ನಮ್ಮ ಊರಿನವರಿಗೆ ಬೇಗ ಅರ್ಥವಾಗುತ್ತದೆ. ಕಾಲವಾದರೂ ಎಂಥದು? ಕಲ್ಯಾಣದಲ್ಲಿ ಚಾಲುಕ್ಯರ ಸಿಂಹಾಸನವನ್ನು ಅವರದೇ ಮಾಂಡಲಿಕನಾಗಿದ್ದ ಕಳಚುರಿ ಬಿಜ್ಜಳ ಕಿತ್ತುಕೊಂಡಿದ್ದ. ಇದೇ ಬಿಜ್ಜಳನ ಕಾಲದಲ್ಲಿ ಬಸವಣ್ಣನವರು ಇದ್ದದ್ದು. ಉತ್ತರದಲ್ಲಿ ಹಳೆಯ ಮನೆ ಕುಸಿಯುತ್ತಿತ್ತು. ಕೈಚಾಚಿದವನಿಗೆ ಅರ್ಧ ಕರ್ನಾಟಕ ಸಿಗುವ ಹಾಗಿತ್ತು. ನರಸಿಂಹ ಕೈಚಾಚಲಿಲ್ಲ. ವಿಷ್ಣುವರ್ಧನ ಕಷ್ಟಪಟ್ಟು ಮುಟ್ಟಿದ್ದ ಬನವಾಸಿಯ ಕಡೆಯ ಸೀಮೆಯೂ ಕೈಬಿಟ್ಟಿತು.

ಯುವರಾಜನಿಗೆ ಇದು ಸಹಿಸಲಿಲ್ಲ. ಅಪ್ಪನ ಎದುರಿಗೇ ಅರಮನೆಯಲ್ಲಿ ಕತ್ತಿ ಹಿರಿಯುವ ದಾರಿಯನ್ನು ಅವನು ಹಿಡಿಯಲಿಲ್ಲ. ಕೆಲವು ಅಧಿಕಾರಿಗಳನ್ನೂ ನಂಬಿಕಸ್ಥರನ್ನೂ ಕೂಡಿಕೊಂಡು ರಾಜಧಾನಿ ಬಿಟ್ಟು ಮಲೆನಾಡಿನ ಕಡೆ ಹೊರಟ. ಕೊಂಗಾಳ್ವರು, ಚಂಗಾಳ್ವರು ಮೊದಲಾದ ಮಲೆಯ ನಾಯಕರು ಎಂದಿಗೂ ಪೂರ್ತಿ ಬಗ್ಗದ ಜನ. ದ್ವಾರಸಮುದ್ರ ಬಿಗಿಯಾಗಿದ್ದಾಗ ಕಪ್ಪ ಕೊಡುವರು, ಸಡಿಲವಾದರೆ ತಮ್ಮ ಪಾಡಿಗೆ ತಾವು. ಬಲ್ಲಾಳ ಒಬ್ಬೊಬ್ಬರ ಸೀಮೆಗೂ ಹೋಗಿ ಅವರಿಂದ ಕಾಣಿಕೆ ಪಡೆದ, ಅವರನ್ನು ತನ್ನ ಕಡೆ ಮಾಡಿಕೊಂಡ. ಹೊಯ್ಸಳರ ಮೂಲವೇ ಮಲೆನಾಡು, ಮಲೆಪರೊಳ್ಗಂಡ ಎನ್ನುವುದು ಅವರ ಬಿರುದು. ಮೊಮ್ಮಗ ಅಜ್ಜಂದಿರ ಬೇರಿಗೆ ಹೋಗಿ ಬಲ ತಂದ. ಹಾಗೆ ಬಂದವನು 1173ರ ಜುಲೈ 22ರಂದು ದ್ವಾರಸಮುದ್ರದಲ್ಲಿ ಪಟ್ಟಾಭಿಷಿಕ್ತನಾದ.

ಇಲ್ಲೊಂದು ಸೋಜಿಗ. ಅದೇ 1173ರಲ್ಲಿ, ಸಾವಿರಾರು ಮೈಲಿ ದೂರದ ಇಂಗ್ಲೆಂಡಿನಲ್ಲಿ ಇಂಥದೇ ಜಗಳ ನಡೆಯಿತು. ಅಲ್ಲಿನ ಅರಸ ಎರಡನೆಯ ಹೆನ್ರಿ. ಅವನ ತಾಯಿ ಮಟಿಲ್ಡಾಳಿಗೂ ದಾಯಾದಿ ಸ್ಟೀಫನನಿಗೂ ವರ್ಷಗಟ್ಟಲೆ ನಡೆದ ಅಂತಃಕಲಹದ ನಡುವೆ ಬೆಳೆದು, 21ನೆಯ ವಯಸ್ಸಿನಲ್ಲಿ, 1154ರ ಡಿಸೆಂಬರಿನಲ್ಲಿ ಸಿಂಹಾಸನ ಏರಿದವನು. ಅವನು ತನ್ನ ಹಿರಿಯ ಮಗನಿಗೆ 1170ರಲ್ಲೇ ಕಿರೀಟ ಇಡಿಸಿದ, ಆದರೆ ಅಧಿಕಾರವನ್ನೂ ಹಣವನ್ನೂ ಕೊಡಲಿಲ್ಲ. 1173ರಲ್ಲಿ ಆ ಮಗ ಓಡಿಹೋಗಿ ಫ್ರಾನ್ಸಿನ ಅರಸನ ಆಶ್ರಯ ಪಡೆದು, ತಮ್ಮಂದಿರನ್ನು ಕೂಡಿಕೊಂಡು ಅಪ್ಪನ ಮೇಲೆ ಯುದ್ಧ ಹೂಡಿದ. ಮರುವರ್ಷ ಅಪ್ಪನೇ ಗೆದ್ದ. ನಾನು ಪಾಠ ಮಾಡುವಾಗ ಈ ಎರಡನ್ನೂ ಒಟ್ಟಿಗೆ ಹೇಳುತ್ತಿದ್ದೆ. ಇಂಗ್ಲೆಂಡಿನ ಮಗ ಹೊರಗಿನ ಅರಸನ ಬೆನ್ನಿಗೆ ಬಿದ್ದ. ನಮ್ಮವನು ತನ್ನ ನೆಲದ ನಾಯಕರ ಬಳಿಗೆ ಹೋದ. ಅಲ್ಲಿ ಅಪ್ಪ ಗಟ್ಟಿಗ, ಇಲ್ಲಿ ಅಪ್ಪ ಸಡಿಲ. ಗೆಲುವು ಸೋಲಿಗೆ ಇದೇ ಕಾರಣವೆಂದು ನನ್ನ ಅಂದಾಜು.

ಪಟ್ಟವೇನೋ ಸಿಕ್ಕಿತು. ಅಪ್ಪನ ಗದ್ದುಗೆ ಹೀಗೆ ಏರಿದವನಿಗೆ ಅದನ್ನು ಉಳಿಸಿಕೊಳ್ಳುವುದಕ್ಕೆ ಒಂದೇ ದಾರಿ; ಅಪ್ಪ ಮಾಡದೆ ಬಿಟ್ಟದ್ದನ್ನು ಮಾಡಿ ತೋರಿಸಬೇಕು. 1177ರ ಹೊತ್ತಿಗೆ ಬಲ್ಲಾಳ ದಾವಣಗೆರೆಯ ಬಳಿಯ ಉಚ್ಚಂಗಿ ದುರ್ಗದ ಮುಂದೆ ನಿಂತಿದ್ದ. ಅದು ನೊಳಂಬವಾಡಿಯ ಪಾಂಡ್ಯರ ಕೋಟೆ. ಚೋಳರು ಹನ್ನೆರಡು ವರ್ಷ ಮುತ್ತಿಗೆ ಹಾಕಿ, ಆಗದೆ ಹಿಂದಿರುಗಿದ ಕೋಟೆಯೆಂದು ಶಾಸನಗಳು ಹೇಳುತ್ತವೆ. ಬಲ್ಲಾಳ ಅದನ್ನು ಹಿಡಿದ. ಗಿರಿದುರ್ಗಮಲ್ಲ ಎಂಬ ಬಿರುದು ಬಂದದ್ದು ಹೀಗೆ. ಆ ದಿನ ಶನಿವಾರವಾಗಿದ್ದರಿಂದ ಶನಿವಾರಸಿದ್ಧಿ ಎಂಬ ಬಿರುದೂ ಸೇರಿತು. ಶನಿವಾರ ಒಳ್ಳೆಯ ಕೆಲಸ ಬೇಡವೆನ್ನುವ ನಮ್ಮ ಹಿರಿಯರಿಗೆ ಇದನ್ನು ಯಾರಾದರೂ ಹೇಳಬೇಕು. ಅಲ್ಲಿನ ಅರಸ ಕಾಮದೇವ ಪಾಂಡ್ಯ ಶರಣು ಬಂದಾಗ ಬಲ್ಲಾಳ ಅವನ ರಾಜ್ಯವನ್ನು ಅವನಿಗೇ ಹಿಂದಕ್ಕೆ ಕೊಟ್ಟ. ಬಿರುದಿಗಿಂತ ಈ ನಡತೆ ನನಗೆ ಹೆಚ್ಚು ಹಿಡಿಸುತ್ತದೆ. ಕಿತ್ತುಕೊಳ್ಳುವುದು ಮಾತ್ರ ಗೊತ್ತಿದ್ದವನು ಹಾಗೆ ಮಾಡುತ್ತಿರಲಿಲ್ಲ.

ಮುಂದಿನ ಹದಿನೈದು ವರ್ಷ ಉತ್ತರ ಕರ್ನಾಟಕಕ್ಕಾಗಿ ಮೂರು ನಾಲ್ಕು ಮನೆತನಗಳ ಹೋರಾಟ. ಕಳಚುರಿಗಳು ಕುಸಿದರು. ಚಾಲುಕ್ಯ ನಾಲ್ಕನೆಯ ಸೋಮೇಶ್ವರ ದಂಡನಾಯಕ ಬ್ರಹ್ಮನ ಬಲದಿಂದ ಮತ್ತೆ ತಲೆಯೆತ್ತಿದ. ಆ ಬ್ರಹ್ಮನ ಆನೆಪಡೆಯನ್ನು ಬಲ್ಲಾಳ ಕುದುರೆ ದಳದಿಂದ ಸೋಲಿಸಿದ. ಆದರೆ ಕಲ್ಯಾಣ ಬಲ್ಲಾಳನಿಗೆ ಸಿಗಲಿಲ್ಲ. ದೇವಗಿರಿಯ ಸೇವುಣ ಅರಸ ಐದನೆಯ ಭಿಲ್ಲಮ ಅದನ್ನು ವಶಮಾಡಿಕೊಂಡು ದಕ್ಷಿಣಕ್ಕೆ ಇಳಿದುಬಂದ. ಇಬ್ಬರೂ ಎದುರಾದದ್ದು ಗದಗಿನ ಹತ್ತಿರದ ಸೊರಟೂರಿನಲ್ಲಿ, 1190ರ ಸುಮಾರಿಗೆ. ಭಿಲ್ಲಮನ ಕಡೆ ಎರಡು ಲಕ್ಷ ಕಾಲಾಳು, 12,000 ಕುದುರೆ ಇದ್ದವೆಂದು ಶಾಸನದ ಲೆಕ್ಕ. ಗೆದ್ದವರ ಕಡೆಯ ಶಾಸನಗಳು ಶತ್ರುವಿನ ಸೈನ್ಯವನ್ನು ಸ್ವಲ್ಪ ದೊಡ್ಡದು ಮಾಡಿಯೇ ಹೇಳುತ್ತವೆ, ಅದನ್ನು ಕಳೆದು ಓದಿಕೊಳ್ಳಬೇಕು. ಆದರೂ ದೊಡ್ಡ ಯುದ್ಧವೇ. ಬಲ್ಲಾಳ ಗೆದ್ದ. ಎರಂಬರಗೆ, ಕುರುಗೋಡು, ಗುತ್ತಿಗಳಂಥ ಕೋಟೆಗಳು ಕೈವಶವಾದವು. ಲೊಕ್ಕಿಗುಂಡಿ, ಅಂದರೆ ಇಂದಿನ ಲಕ್ಕುಂಡಿಯಲ್ಲಿ ಅವನು ಬೀಡುಬಿಟ್ಟ. 1192ರಲ್ಲಿ ಗದಗಿನ ತ್ರಿಕೂಟೇಶ್ವರನಿಗೆ ದತ್ತಿ ಬಿಟ್ಟು ಬರೆಸಿದ ಶಾಸನದಲ್ಲಿ ಈ ಗೆಲುವುಗಳ ವಿವರವಿದೆ. ಅಜ್ಜ ಮುಟ್ಟಲಾರದೆ ಹೋದ ಸಾಮ್ರಾಟನ ಬಿರುದುಗಳನ್ನು ಮೊಮ್ಮಗ ಧರಿಸಿದ. ಹೊಯ್ಸಳರು ಯಾರಿಗೂ ಅಧೀನರಲ್ಲವೆಂಬುದು ಅಲ್ಲಿಂದ ನಿಶ್ಚಯವಾಯಿತು.

ಆ ಗಳಿಕೆಯೆಲ್ಲ ನಿಲ್ಲಲಿಲ್ಲ ಎಂಬುದನ್ನೂ ಹೇಳಬೇಕು. ಭಿಲ್ಲಮನ ವಂಶದ ಸಿಂಘಣ ಮುಂದೆ ಪ್ರಬಲನಾಗಿ ತುಂಗಭದ್ರೆಯಾಚೆಯ ಸೀಮೆಯ ಬಹುಭಾಗವನ್ನು ಹಿಂದಕ್ಕೆ ಪಡೆದ. ಮುಪ್ಪಿನಲ್ಲಿ ಬಲ್ಲಾಳ ಅದನ್ನು ನೋಡಬೇಕಾಯಿತು.

ಯುದ್ಧದ ಮಾತು ಸಾಕು. ನಮ್ಮ ಸುತ್ತಲ ಜನಕ್ಕೆ ಆತ ಬಿಟ್ಟುಹೋದದ್ದು ಕಣ್ಣಿಗೆ ಕಾಣುವಂಥದು. ಹಳೇಬೀಡಿನ ಕೇದಾರೇಶ್ವರ ಗುಡಿಯನ್ನು ಬಲ್ಲಾಳನೂ ರಾಣಿ ಅಭಿನವ ಕೇತಲದೇವಿಯೂ ಕಟ್ಟಿಸಿದರು. ಹೊಯ್ಸಳೇಶ್ವರ ನೋಡಿ ಬಸ್ಸು ಹತ್ತಿಬಿಡುವವರೇ ಹೆಚ್ಚು, ಸ್ವಲ್ಪ ದೂರ ನಡೆದು ಇದನ್ನೂ ನೋಡಬೇಕು. ಜಾವಗಲ್ ದಾರಿಯ ಬೆಳವಾಡಿಯ ವೀರನಾರಾಯಣ ಅವನ ಕಾಲದ್ದು. ತರೀಕೆರೆ ಬಳಿಯ ಅಮೃತಾಪುರದ ಗುಡಿಯನ್ನು 1196ರಲ್ಲಿ ಅವನ ದಂಡನಾಯಕ ಅಮೃತೇಶ್ವರ ಕಟ್ಟಿಸಿದ. ಅರಸೀಕೆರೆಯ ಈಶ್ವರ ಗುಡಿ, ಅದರ ಮುಂದಿನ ನಕ್ಷತ್ರಾಕಾರದ ಮಂಟಪ ಅವನ ಆಳ್ವಿಕೆಯ ಕೊನೆಯ ವರ್ಷ 1220ರದು. ಅದೇ ಊರಿನ ಸಹಸ್ರಕೂಟ ಜಿನಾಲಯವನ್ನು ಅದೇ ವರ್ಷ ಕಟ್ಟಿಸಿದ ರೇಚರಸ ಮೊದಲು ಕಳಚುರಿಗಳ ದಂಡನಾಯಕನಾಗಿದ್ದು, ಆಮೇಲೆ ಬಲ್ಲಾಳನ ಆಶ್ರಯಕ್ಕೆ ಬಂದವನು. ಮಂತ್ರಿ ಚಂದ್ರಮೌಳಿ ಶಿವಭಕ್ತ, ಅವನ ಹೆಂಡತಿ ಆಚಿಯಕ್ಕ ಜೈನಳು. ಆಕೆ 1181ರಲ್ಲಿ ಶ್ರವಣಬೆಳಗೊಳದಲ್ಲಿ ಕಟ್ಟಿಸಿದ್ದೇ ಅಕ್ಕನ ಬಸದಿ. ಒಂದೇ ಮನೆಯಲ್ಲಿ ಎರಡು ಮತ, ಜಗಳವಿಲ್ಲ. ಆ ಚಂದ್ರಮೌಳಿಯ ಆಶ್ರಯದಲ್ಲೇ ರುದ್ರಭಟ್ಟ ಜಗನ್ನಾಥ ವಿಜಯ ಬರೆದದ್ದು. 1209ರಲ್ಲಿ ಯಶೋಧರ ಚರಿತೆ ಬರೆದ ಜನ್ನನಿಗೆ ಕವಿಚಕ್ರವರ್ತಿ ಎಂಬ ಬಿರುದು ಕೊಟ್ಟವನು ಬಲ್ಲಾಳನೇ.

ಈಗ ಆ ಶನಿವಾರಕ್ಕೆ ಬರುತ್ತೇನೆ. ಮೇಷ್ಟ್ರು ನಮ್ಮನ್ನು ಗುಡಿಯ ಒಳಗೆ ಕರೆದುಕೊಂಡು ಹೋಗಲಿಲ್ಲ. ಹೊಯ್ಸಳೇಶ್ವರದ ದಕ್ಷಿಣಕ್ಕೆ ಬಯಲಲ್ಲಿ ಒಂದು ಕಂಬ ನಿಂತಿದೆಯಲ್ಲ, ಅದರ ಬುಡದಲ್ಲಿ ಕೂರಿಸಿದರು. ಅದು ಗರುಡಗಂಬ. ಅದರ ಸುತ್ತ ಕತ್ತಿಯಿಂದ ತಮ್ಮ ತಲೆಯನ್ನೇ ಅರಿದುಕೊಳ್ಳುತ್ತಿರುವ ವೀರರ ಶಿಲ್ಪಗಳಿವೆ. ಬಲ್ಲಾಳನ ದಂಡನಾಯಕ ಕುವರ ಲಕ್ಷ್ಮನ ಕಂಬ ಅದು. ಅರಸನ ಜೊತೆಗೇ ಬದುಕು, ಅರಸನ ಜೊತೆಗೇ ಸಾವು ಎಂದು ವ್ರತ ಹಿಡಿದವರಿಗೆ ಗರುಡರೆಂದು ಹೆಸರು. 1220ರಲ್ಲಿ ಬಲ್ಲಾಳ ತೀರಿಕೊಂಡಾಗ ಲಕ್ಷ್ಮನೂ ಅವನ ಹೆಂಡತಿ ಸುಗ್ಗಲದೇವಿಯೂ ಪ್ರಾಣ ಬಿಟ್ಟರು. ಇಂಥ ಸಾವನ್ನು ಇಂದು ಯಾರೂ ಮೆಚ್ಚಬೇಕಾಗಿಲ್ಲ, ನಾನೂ ಮೆಚ್ಚಿ ಬರೆಯುತ್ತಿಲ್ಲ. ಆದರೆ ಹೆತ್ತ ತಂದೆಯ ವಿರುದ್ಧ ನಿಂತು ಅರಸನಾದವನಿಗಾಗಿ, ಹೆಸರಿನಲ್ಲೇ ಕುವರನೆಂದು ಇದ್ದವನೊಬ್ಬ ಪ್ರಾಣ ಕೊಟ್ಟ. ಮೇಷ್ಟ್ರು ಅಷ್ಟು ಹೇಳಿ, ನನ್ನ ಕಡೆ ನೋಡದೆಯೇ ಇನ್ನೊಂದು ವಿಷಯ ಸೇರಿಸಿದರು. ಬಲ್ಲಾಳ ತನ್ನ ಮಗ ನರಸಿಂಹನನ್ನು ಕಾಯಿಸಿ ಕೂರಿಸಲಿಲ್ಲ. ತಾನು ಬದುಕಿರುವಾಗಲೇ ತಮಿಳುನಾಡಿನ ಕಡೆಗೆ ಸೇನೆ ಕೊಟ್ಟು ಕಳಿಸಿದ. ಆ ಮಗ ಹೋಗಿ ಕಷ್ಟದಲ್ಲಿದ್ದ ಚೋಳ ಅರಸನನ್ನು ಮತ್ತೆ ನೆಲೆಗೊಳಿಸಿದ. ಚೋಳರಾಜ್ಯ ಪ್ರತಿಷ್ಠಾಚಾರ್ಯ ಎಂಬ ಬಿರುದು ಹೊಯ್ಸಳರಿಗೆ ಬಂದದ್ದು ಆಗ. ಮಗನಿಗೆ ಅಪ್ಪ ಕಟ್ಟಿಕೊಟ್ಟದ್ದು ತನ್ನ ಹೆಸರನ್ನಲ್ಲ, ತಾನು ಯಾರ ವಿರುದ್ಧ ಎದ್ದಿದ್ದನೋ ಆ ತಂದೆಯ ಹೆಸರನ್ನು. 1220ರ ಏಪ್ರಿಲ್‌ನಲ್ಲಿ ಆ ನರಸಿಂಹ ಪಟ್ಟಕ್ಕೆ ಬಂದಾಗ ದಂಗೆಯಿಲ್ಲ, ಜಗಳವಿಲ್ಲ.

ನನ್ನ ಪ್ರಶ್ನೆಗೆ ಮೇಷ್ಟ್ರು ಉತ್ತರ ಕೊಟ್ಟರೋ ಇಲ್ಲವೋ ನನಗೆ ಅಂದು ಗೊತ್ತಾಗಲಿಲ್ಲ. ಸಂಜೆ ಹಗರೆಯ ಸ್ಟಾಪಿನಲ್ಲಿ ಇಳಿದು ಮನೆಗೆ ಹೋದೆ. ಹೊಲ ಆಗಲೇ ಎರಡಾಗಿತ್ತು, ನಡುವೆ ಹೊಸ ಬದು. ಅಣ್ಣ ತನ್ನ ಪಾಲಿನಲ್ಲಿ ಆಲೂಗಡ್ಡೆ ಬಿತ್ತಲು ಸಾಲು ಎಳೆಯುತ್ತಿದ್ದ. ಅಪ್ಪ ಬದುವಿನ ಮೇಲೆ ಕೂತು, ಸಾಲು ಸೊಟ್ಟ ಹೋಗುತ್ತಿದೆ ಎಂದು ಅವನಿಗೆ ಬೈಯುತ್ತಿದ್ದರು. ಅಣ್ಣ ಮರುಮಾತಾಡದೆ ಎತ್ತು ತಿರುಗಿಸಿಕೊಂಡು ಬಂದು ಮತ್ತೆ ಹೊಡೆಯತೊಡಗಿದ.