ಬೆಂಕಿಯ ಹೆಸರಿನ ಫ್ರಿಜ್, ಹಳದಿ ಜೆರ್ಸಿಯ ತಂಡ

ಲ್ಯಾಟಿನ್ ಭಾಷೆಯಲ್ಲಿ ಇಗ್ನಿಸ್ ಅಂದ್ರೆ ಬೆಂಕಿ. ನಮ್ಮ 'ಅಗ್ನಿ'ಗೆ ಅದು ದೂರದ ದಾಯಾದಿ. ಆ ಹೆಸರನ್ನ ತಗೊಂಡು ಹೋಗಿ ಫ್ರಿಜ್ ಬಾಗಿಲಿಗೆ ಅಂಟಿಸಿದ ಮನುಷ್ಯನ ಕತೆ ಇದು. ಅವರ ಹೆಸರು ಜೊವಾನ್ನಿ ಬೋರ್ಗಿ. ಫ್ರಿಜ್ಜಿಗೆ ಸಾಲದು ಅಂತ ಒಂದು ಬ್ಯಾಸ್ಕೆಟ್‌ಬಾಲ್ ತಂಡದ ಎದೆ ಮೇಲೂ ಅದೇ ಹೆಸರು ಬರೆಸಿದರು. ಆ ತಂಡದ ಊರು ಉತ್ತರ ಇಟಲಿಯ ವರೇಸೆ. ಆಲ್ಪ್ಸ್ ಬುಡದಲ್ಲಿ, ಕೆರೆಗಳ ಮಧ್ಯೆ ಇರೋ ಸಣ್ಣ ಊರು. ಆ ಊರಿನ ತಂಡ 1970ರಿಂದ 1979ರವರೆಗೆ ಒಂದು ವರ್ಷಾನೂ ತಪ್ಪಿಸದೆ, ಸತತ ಹತ್ತು ಸಲ, ಯುರೋಪಿನ ಚಾಂಪಿಯನ್ಸ್ ಕಪ್ ಫೈನಲ್ ಆಡಿತು. ಐದು ಗೆದ್ದಿತು. ಸಂಜೆ ಕಾಲೇಜ್ ಕೋರ್ಟಲ್ಲಿ ಎನ್‌ಬಿಎ ಬಗ್ಗೆ ಗಂಟೆಗಟ್ಟಲೆ ವಾದ ಮಾಡೋ ನಮಗೆ ಈ ಹೆಸರೇ ಗೊತ್ತಿರಲಿಲ್ಲ.

ಬೋರ್ಗಿ ಹುಟ್ಟಿದ್ದು 1910ರಲ್ಲಿ, ಮಿಲಾನ್ ನಗರದಲ್ಲಿ. ಅಪ್ಪನದು ಎಲೆಕ್ಟ್ರಿಕಲ್ ಕೆಲಸದ ಚಿಕ್ಕ ವರ್ಕ್‌ಶಾಪು. ಹುಡುಗ ಹೆಚ್ಚು ಓದಲಿಲ್ಲ, ಬೇಗ ಕೆಲಸಕ್ಕೆ ಇಳಿದ. ಡಿಗ್ರಿ ಇಲ್ಲ, ಡಿಪ್ಲೊಮಾ ಇಲ್ಲ, ಕೈಗೆ ಅಂಟಿದ ಗ್ರೀಸೇ ಸರ್ಟಿಫಿಕೇಟು. 1943ರಲ್ಲಿ ಮಿಲಾನ್ ಮೇಲೆ ಬಾಂಬ್ ಬಿದ್ದಾಗ ಕುಟುಂಬ ಎಲ್ಲ ಕಟ್ಟಿಕೊಂಡು ವರೇಸೆ ಪಕ್ಕದ ಕೊಮೇರಿಯೊ ಅನ್ನೋ ಹಳ್ಳಿಗೆ ಬಂತು. ಅಲ್ಲಿ ಮೊದಲು ಮಾಡಿದ್ದು ಎಲೆಕ್ಟ್ರಿಕ್ ಒಲೆಗಳು. ಹಾಗಾಗಿ ಬೆಂಕಿಯ ಹೆಸರು ಸರಿಯಾಗೇ ಇತ್ತು. ಆಮೇಲೆ ಫ್ರಿಜ್ ಶುರುವಾಯ್ತು, ಹೆಸರು ಮಾತ್ರ ಬದಲಾಗಲಿಲ್ಲ.

ಇಲ್ಲಿ ಸ್ವಲ್ಪ ನಿಲ್ಲೋಣ, ಯಾಕಂದ್ರೆ ಇದು ನಮ್ಮ ಏರಿಯಾ. ಆಗಿನ ಫ್ರಿಜ್ಜುಗಳ ಗೋಡೆ ಒಳಗೆ ಗ್ಲಾಸ್‌ವೂಲ್ ತುಂಬುತ್ತಿದ್ದರು. ಗೋಡೆ ದಪ್ಪ, ಒಳಗೆ ಜಾಗ ಕಮ್ಮಿ. ಬೋರ್ಗಿ ಫ್ಯಾಕ್ಟರಿ ಅದನ್ನ ಬಿಟ್ಟು ಪಾಲಿಯುರೆಥೇನ್ ಫೋಮ್ ಹಿಡಿಯಿತು. ಥರ್ಮಲ್ ಕಂಡಕ್ಟಿವಿಟಿ ಗ್ಲಾಸ್‌ವೂಲ್‌ಗೆ ಸುಮಾರು 0.04 ಇದ್ದರೆ ಈ ಫೋಮಿಗೆ ಸುಮಾರು 0.025. ಅಂದ್ರೆ ಗೋಡೆ ತೆಳ್ಳಗೆ ಮಾಡಿದರೂ ಒಳಗಿನ ತಂಪು ತಂಪಾಗೇ ಇರುತ್ತೆ. ಹೊರಗಿನ ಅಳತೆ ಅಷ್ಟೇ, ಒಳಗೆ ಹಾಲು, ತರಕಾರಿಗೆ ಜಾಗ ಜಾಸ್ತಿ. ಇನ್ನೊಂದು ಲಾಭ: ಫೋಮನ್ನ ದ್ರವವಾಗಿ ಸುರೀತಾರೆ, ಅದು ಉಬ್ಬಿ ಒಳಗಿನ ಡಬ್ಬಾನೂ ಹೊರಗಿನ ತಗಡನ್ನೂ ಅಂಟಿಸಿ ಗಟ್ಟಿ ಮಾಡುತ್ತೆ. ಕೈಯಲ್ಲಿ ಗ್ಲಾಸ್‌ವೂಲ್ ತುರುಕೋ ಕೆಲಸ ಉಳಿಯಿತು, ಲೈನು ವೇಗವಾಗಿ ಓಡಿತು. ಹೀಟ್ ಟ್ರಾನ್ಸ್‌ಫರ್ ಪರೀಕ್ಷೆಗೆ ನಾವು ಬಾಯಿಪಾಠ ಮಾಡೋ ಫಾರ್ಮುಲಾನ ಈ ಮನುಷ್ಯ ದುಡ್ಡು ಮಾಡಿಕೊಂಡ.

ಯುದ್ಧ ಮುಗಿದ ಇಟಲಿಯಲ್ಲಿ ಜನರ ಕೈಗೆ ಮೊದಲ ಸಲ ಸಂಬಳ ಬರುತ್ತಿತ್ತು, ಮನೆಗೆ ಮೊದಲ ಫ್ರಿಜ್ ಬರುತ್ತಿತ್ತು. ಕೊಮೇರಿಯೊ ಸಾಲದೆ ಕಸ್ಸಿನೆಟ್ಟಾದಲ್ಲಿ ದೊಡ್ಡ ಫ್ಯಾಕ್ಟರಿ ಎದ್ದಿತು. ಆಮೇಲೆ ದೂರದ ನೇಪಲ್ಸ್‌ನಲ್ಲೂ ಇನ್ನೊಂದು. ಕೆಲಸಗಾರರಿಗೆ ಮನೆ ಕಟ್ಟಿಸಿದರು. ಬೋರ್ಗಿಗೆ ಸರ್ಕಾರ ಕೊಟ್ಟ ಬಿರುದು ಕಮೆಂದತೋರೆ. ಮಿಲಾನ್ ಜನ ಅದನ್ನ ತಮ್ಮ ನಾಲಿಗೆಗೆ ಬಗ್ಗಿಸಿ ಕುಮೆಂದಾ ಅಂತ ಕರೀತಿದ್ದರು. ಸಾಹುಕಾರ್ರು ಅಂತೀವಲ್ಲ, ಹಾಗೆ. ಪ್ರೀತಿ, ಹೆದರಿಕೆ ಎರಡೂ ಇರೋ ಹೆಸರು.

ಜಾಹೀರಾತಿಗೆ ಇವರು ಹಿಡಿದ ದಾರಿ ಆಟ. ಮೊದಲು ಸೈಕಲ್ ರೇಸು. ಸ್ಪೇನಿನ ಮಿಗೆಲ್ ಪೊಬ್ಲೆಟ್ ಇಗ್ನಿಸ್ ಜೆರ್ಸಿ ಹಾಕಿಕೊಂಡು 1957 ಮತ್ತು 1959ರಲ್ಲಿ ಮಿಲಾನ್–ಸಾನ್ ರೆಮೊ ರೇಸ್ ಗೆದ್ದ. ಬಾಕ್ಸಿಂಗ್, ಫುಟ್‌ಬಾಲ್ ಎಲ್ಲದರಲ್ಲೂ ಕೈ ಇತ್ತು. ಫುಟ್‌ಬಾಲಿನ ಒಂದು ಕತೆ ಬಿಡೋಕೆ ಆಗಲ್ಲ. 1968ರಲ್ಲಿ ವರೇಸೆ ತಂಡದ ಹುಡುಗ ಪಿಯೆತ್ರೊ ಅನಸ್ತಾಸಿಯನ್ನ ಫಿಯಟ್ ಮಾಲೀಕರ ಯುವೆಂಟಸ್ ದಾಖಲೆ ಬೆಲೆಗೆ ಕೊಂಡಿತು. ಆ ವ್ಯವಹಾರದಲ್ಲಿ ದುಡ್ಡಿನ ಜೊತೆ ಫ್ರಿಜ್ ಕಂಪ್ರೆಸರುಗಳೂ ಸೇರಿದ್ವು ಅಂತ ಇಟಲಿಯಲ್ಲಿ ಇವತ್ತಿಗೂ ಹೇಳ್ತಾರೆ. ನಿಜವೋ ಕಟ್ಟುಕತೆಯೋ, ಆದರೆ ಬೋರ್ಗಿ ಬಗ್ಗೆ ಬಿಟ್ಟು ಬೇರೆ ಯಾರ ಬಗ್ಗೆಯೂ ಜನ ಇಂಥ ಕತೆ ಹುಟ್ಟಿಸ್ತಿರಲಿಲ್ಲ.

ಬ್ಯಾಸ್ಕೆಟ್‌ಬಾಲಿಗೆ ಬರೋಣ. ವರೇಸೆ ಕ್ಲಬ್ ಹುಟ್ಟಿದ್ದು 1945ರಲ್ಲಿ. 1956ರಲ್ಲಿ ಬೋರ್ಗಿ ಅದರ ಬೆನ್ನಿಗೆ ನಿಂತರು. ಇಟಲಿಯ ಬ್ಯಾಸ್ಕೆಟ್‌ಬಾಲಿನಲ್ಲಿ ಒಂದು ವಿಚಿತ್ರ ಪದ್ಧತಿ: ಯಾರು ದುಡ್ಡು ಹಾಕ್ತಾರೋ ತಂಡಕ್ಕೆ ಅವರ ಹೆಸರು. ಮಿಲಾನ್ ತಂಡದ ಹೆಸರು ಆಗ ಸಿಮ್ಮೆಂತಾಲ್, ಅದು ಡಬ್ಬಿ ಮಾಂಸದ ಕಂಪನಿ. ಹೀಗಾಗಿ ದೇಶದ ಅತಿ ದೊಡ್ಡ ಪಂದ್ಯ ಅಂದ್ರೆ ಮಾಂಸದ ಡಬ್ಬಿ ವರ್ಸಸ್ ಫ್ರಿಜ್! ನಗು ಬರುತ್ತೆ, ಆದರೆ ಆ ಎರಡು ಊರಿನವರಿಗೆ ಅದು ನಗೋ ವಿಷಯ ಆಗಿರಲಿಲ್ಲ. ವರೇಸೆಯ ಕೆಂಪು-ಬಿಳಿ ಬಣ್ಣ ಹೋಗಿ ಕಂಪನಿಯ ಹಳದಿ-ನೀಲಿ ಬಂತು. 1961ರಲ್ಲಿ ಮೊದಲ ಲೀಗ್ ಗೆಲುವು, 1964ರಲ್ಲಿ ಎರಡನೇದು. ಅದೇ 1964ರಲ್ಲಿ ಊರಿಗೆ ಹೊಸ ಒಳಾಂಗಣ ಕ್ರೀಡಾಂಗಣ. 1966ರಲ್ಲಿ ಬ್ರೆಜಿಲ್‌ನ ಕೊರಿಂಥಿಯನ್ಸ್ ತಂಡವನ್ನ ಸೋಲಿಸಿ ಮೊದಲ ಇಂಟರ್‌ಕಾಂಟಿನೆಂಟಲ್ ಕಪ್.

ನಿಜವಾದ ಸಾಮ್ರಾಜ್ಯ ಅದಾದ ಮೇಲೆ. 1968ರ ಮೆಕ್ಸಿಕೊ ಒಲಿಂಪಿಕ್ಸ್ ನಂತರ ಮೆಕ್ಸಿಕೊದ ಮನುವೆಲ್ ರಾಗಾ ವರೇಸೆಗೆ ಬಂದ. ಎತ್ತರ ಅಷ್ಟೇನಿಲ್ಲ, ಆದರೆ ಜಂಪ್ ನೋಡಿ ಜನ ಹಾರುವ ಮೆಕ್ಸಿಕನ್ ಅಂದರು. ಹದಿಹರೆಯದ ಡಿನೊ ಮೆನೆಗಿನ್ ಆಗಲೇ ತಂಡದಲ್ಲಿದ್ದ. 1970ರಲ್ಲಿ ಅಟ್ಲಾಂಟಾ ಹಾಕ್ಸ್ ಈ ಇಬ್ಬರನ್ನೂ ಎನ್‌ಬಿಎ ಡ್ರಾಫ್ಟಿನಲ್ಲಿ ಆರಿಸಿತು, ಇಬ್ಬರೂ ಹೋಗಲಿಲ್ಲ. 1969ರಲ್ಲಿ ಕೋಚ್ ಆಗಿ ಯುಗೊಸ್ಲಾವಿಯಾದಿಂದ ಅಲೆಕ್ಸಾಂಡರ್ ನಿಕೊಲಿಚ್ ಬಂದರು. ಅವರನ್ನ ಎಲ್ಲರೂ ಪ್ರೊಫೆಸರ್ ಅಂತಿದ್ದರು. 1970ರ ಸರಯೇವೊ ಫೈನಲ್‌ನಲ್ಲಿ ಮಾಸ್ಕೊದ ಸೇನಾ ತಂಡ ಸಿಎಸ್‌ಕೆಎಯನ್ನ 79–74ರಿಂದ ಸೋಲಿಸಿದರು. ಸೋವಿಯತ್ ಒಕ್ಕೂಟದ ಸೈನ್ಯದ ಎದುರು ಒಂದು ಫ್ರಿಜ್ ಫ್ಯಾಕ್ಟರಿ! ಮುಂದಿನ ವರ್ಷ ಅದೇ ತಂಡದ ಎದುರು ಸೋತರು. 1972ರಲ್ಲಿ ಟೆಲ್ ಅವಿವ್‌ನಲ್ಲಿ ಯುಗೊಪ್ಲಾಸ್ತಿಕಾ ಮೇಲೆ ಒಂದೇ ಒಂದು ಪಾಯಿಂಟಿನ ಗೆಲುವು, 70–69. 1973ರಲ್ಲಿ ಮತ್ತೆ ಸಿಎಸ್‌ಕೆಎ, ಮತ್ತೆ ಗೆಲುವು. ಪತ್ರಿಕೆಗಳಲ್ಲಿ ಈ ತಂಡಕ್ಕೆ ಹಳದಿ ಹಿಮಪಾತ ಅಂತ ಹೆಸರು ಬಿತ್ತು.

ಇಷ್ಟೆಲ್ಲ ಆಗ್ತಿರುವಾಗ ಫ್ಯಾಕ್ಟರಿ ಬೋರ್ಗಿ ಕೈ ಜಾರುತ್ತಿತ್ತು. ಇದನ್ನ ನಾವು ಮೊದಲು ಗಮನಿಸಿರಲೇ ಇಲ್ಲ, ಎರಡೂ ಕತೆಯ ಇಸವಿಗಳನ್ನ ಪಕ್ಕಪಕ್ಕ ಬರೆದಾಗ ಗೊತ್ತಾಯ್ತು. 1969ರ ಶರತ್ಕಾಲದಲ್ಲಿ ಉತ್ತರ ಇಟಲಿಯ ಫ್ಯಾಕ್ಟರಿಗಳಲ್ಲೆಲ್ಲ ಮುಷ್ಕರ. ಮನೆ ಕಟ್ಟಿಸಿಕೊಟ್ಟ ಸಾಹುಕಾರನಿಗೆ ಕೃತಜ್ಞರಾಗಿರೋ ಕಾಲ ಮುಗಿದಿತ್ತು. ಕೆಲಸಗಾರರಿಗೆ ಬೇಕಾಗಿದ್ದು ಹಕ್ಕು, ಉಪಕಾರ ಅಲ್ಲ. ನಮ್ಮ ಪ್ರಕಾರ ಅವರದೇ ಸರಿ. ಜೊತೆಗೆ ಪೈಪೋಟಿ ಜೋರಾಯಿತು, ಖರ್ಚು ಏರಿತು. ಎಪ್ಪತ್ತರ ದಶಕದ ಶುರುವಿನಲ್ಲೇ ಇಗ್ನಿಸ್ ಕಂಪನಿ ಡಚ್ಚರ ಫಿಲಿಪ್ಸ್ ಪಾಲಾಯಿತು. ಅಂದ್ರೆ ತಂಡ ಯುರೋಪ್ ಗೆಲ್ಲುತ್ತಿದ್ದ ಅದೇ ವರ್ಷಗಳಲ್ಲಿ ಎದೆ ಮೇಲಿನ ಹೆಸರಿನ ಒಡೆತನ ಬೇರೆಯವರದಾಗುತ್ತಾ ಹೋಯಿತು.

1975ರಲ್ಲಿ ಆಂಟ್ವರ್ಪ್‌ನಲ್ಲಿ ರಿಯಲ್ ಮ್ಯಾಡ್ರಿಡ್ ಮೇಲೆ 79–66. ಇಗ್ನಿಸ್ ಹೆಸರಲ್ಲಿ ವರೇಸೆ ಎತ್ತಿದ ಕೊನೇ ಯುರೋಪಿಯನ್ ಕಪ್ ಅದು. ಆ ಬೇಸಿಗೆಯಲ್ಲಿ ಹೆಸರು ಜೆರ್ಸಿಯಿಂದ ಇಳಿಯಿತು. ಸೆಪ್ಟೆಂಬರಿನಲ್ಲಿ ಬೋರ್ಗಿ ತೀರಿಕೊಂಡರು. ವಯಸ್ಸು 65.

ಬರೀ ಜಾಹೀರಾತೋ, ಆಟದ ಮೇಲಿನ ಪ್ರೀತಿಯೋ ಅಂತ ನಮ್ಮ ಗುಂಪಲ್ಲಿ ಎರಡು ದಿನ ಜಗಳ ಆಯ್ತು. ಜಾಹೀರಾತು ಅನ್ನೋರ ವಾದ: ನೇಪಲ್ಸ್‌ನಲ್ಲಿ ಫ್ಯಾಕ್ಟರಿ ಇತ್ತು, ಅಲ್ಲಿನ ತಂಡಕ್ಕೂ ಇಗ್ನಿಸ್ ಸೂದ್ ಅಂತ ಹೆಸರಿಟ್ಟರು, ಇದರಲ್ಲಿ ಪ್ರೀತಿ ಎಲ್ಲಿ? ಪ್ರೀತಿ ಅನ್ನೋರ ವಾದ: ಫ್ರಿಜ್ ಮಾರೋಕೆ ಇಪ್ಪತ್ತು ವರ್ಷ ಒಂದೇ ಸಣ್ಣ ಊರಿನ ತಂಡದ ಜೊತೆ ಇರಬೇಕಾ, ಮಿಲಾನ್‌ನದನ್ನ ಕೊಂಡಿದ್ದರೆ ಆಗ್ತಿರಲಿಲ್ವಾ? ಜಗಳ ತೀರ್ಮಾನ ಆಗಲಿಲ್ಲ.

1976ರಲ್ಲಿ ಜಿನೀವಾದಲ್ಲಿ ವರೇಸೆ ಮತ್ತೆ ರಿಯಲ್ ಮ್ಯಾಡ್ರಿಡ್ಡನ್ನ ಸೋಲಿಸಿತು, 81–74. ಮೆನೆಗಿನ್ ಇದ್ದ, ಅಮೆರಿಕದ ಬಾಬ್ ಮೋರ್ಸ್ ಇದ್ದ, ಜೆರ್ಸಿ ಮೇಲೆ ಮೊಬಿಲ್‌ಜಿರ್ಜಿ ಅನ್ನೋ ಫರ್ನಿಚರ್ ಕಂಪನಿ ಹೆಸರಿತ್ತು. ಕಸ್ಸಿನೆಟ್ಟಾ ಫ್ಯಾಕ್ಟರಿ ಫಿಲಿಪ್ಸ್‌ನಿಂದ ಮುಂದೆ ವರ್ಲ್‌ಪೂಲ್ ಕೈಗೆ ಹೋಯಿತು. 1999ರಲ್ಲಿ ವರೇಸೆ ತನ್ನ ಹತ್ತನೇ ಇಟಾಲಿಯನ್ ಲೀಗ್ ಗೆದ್ದಾಗ ಆ ತಂಡದಲ್ಲಿ ಡಿನೊ ಮೆನೆಗಿನ್ ಮಗ ಆಂದ್ರೆಯಾ ಆಡ್ತಿದ್ದ.