ಎಲೆಯಾಟದಲ್ಲಿ ಗ್ರಹಗಳನ್ನು ಕೂರಿಸಿದ ದೊರೆ

ಎಲೆಯಾಟವೆಂದರೆ ಮಕ್ಕಳು ಕೆಡುವ ದಾರಿ ಎಂದು ನೀವು ಮನೆಯಲ್ಲಿ ಗದರಿಸಿರಬಹುದು. ಆದರೆ ಅದೇ ಎಲೆಗಳಲ್ಲಿ ನವಗ್ರಹಗಳನ್ನು ಕೂರಿಸಿದ ದೊರೆಯೊಬ್ಬರಿದ್ದರು. ಅವರೇ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು.

1794ರಲ್ಲಿ ಶ್ರೀರಂಗಪಟ್ಟಣದಲ್ಲಿ ಹುಟ್ಟಿದ ಅವರಿಗೆ 1799ರಲ್ಲಿ, ಟಿಪ್ಪು ಮಡಿದ ಮೇಲೆ, ಪಟ್ಟವಾಯಿತು. ಆಗ ಅವರಿಗೆ ಐದೇ ವರ್ಷ. ಆಡಳಿತವನ್ನು ದಿವಾನ್ ಪೂರ್ಣಯ್ಯ ನೋಡಿಕೊಂಡರು. ಟಿಪ್ಪುವಿನ ರಾಜ್ಯ ಹಂಚಿಹೋಗಿದ್ದೂ ಆಗಲೇ. ಮರುವರ್ಷವೇ ನಿಜಾಮರು ಬಿಟ್ಟುಕೊಟ್ಟ ಸೀಮೆಗಳ ಜೊತೆ ನಮ್ಮ ಭಾಗ ಕಂಪನಿಯ ಕೈಸೇರಿತು.

1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತವನ್ನೂ ಕಿತ್ತುಕೊಂಡರು. ದೊರೆಗೆ ಉಳಿದದ್ದು ಅರಮನೆ ಮತ್ತು ಹೆಸರು. ಅವರು ಕೈಕಟ್ಟಿ ಕೂರಲಿಲ್ಲ. 1833ರಲ್ಲಿ ಮೈಸೂರಿನಲ್ಲಿ ಶಾಲೆ ತೆರೆಸಿದರು. ಚದುರಂಗದ ಕುದುರೆಯನ್ನು 64 ಮನೆಗಳಲ್ಲೂ ಒಂದೊಂದೇ ಸಲ ಓಡಿಸುವ ಲೆಕ್ಕಗಳನ್ನು ಬಿಡಿಸಿದರು. ಒಂಬತ್ತು ಭಾಗಗಳ ಶ್ರೀತತ್ತ್ವನಿಧಿ ಗ್ರಂಥ ಸಿದ್ಧವಾಯಿತು. ಅದರಲ್ಲಿ ಗ್ರಹನಿಧಿ ಗ್ರಹಗಳಿಗೆ, ಕೊನೆಯ ಕೌತುಕನಿಧಿ ಆಟಗಳಿಗೆ ಮೀಸಲು. ಬಣ್ಣ ಬರೆದ ಗಂಜೀಫಾ ಎಲೆಗಳಿಗೆ ಅವರು ಛದಗಳೆಂಬ ಹೊಸ ಆಟಗಳನ್ನೇ ಕಟ್ಟಿದರು. ಅವುಗಳಲ್ಲೊಂದು ನವಗ್ರಹ ಛದ. ಕೆಲವು ಆಟಗಳಿಗೆ 300ಕ್ಕೂ ಹೆಚ್ಚು ಎಲೆಗಳು ಬೇಕು. ಆಡುವವರು ಹೆಸರು, ರೂಪ, ಕ್ರಮ ಎಲ್ಲವನ್ನೂ ನೆನಪಿಡಲೇಬೇಕು.

ರಾಜ್ಯ ಮರಳಿ ಪಡೆಯಲು ಅವರು ಕೊನೆಯವರೆಗೂ ಹೋರಾಡಿದರು. 1865ರಲ್ಲಿ ದತ್ತು ಪಡೆದರು. ಬ್ರಿಟಿಷರು ಅದನ್ನು ಒಪ್ಪಿದ್ದು 1867ರಲ್ಲಿ. 1868ರಲ್ಲಿ ಅವರು ತೀರಿಕೊಂಡರು. ಆಡಳಿತ ಒಡೆಯರ ಮನೆತನಕ್ಕೆ ಮರಳಿದ್ದು 1881ರಲ್ಲಿ. ಅಧಿಕಾರ ಹೋದರೂ ಅವರ ಕಲಿಕೆ ನಿಲ್ಲಲಿಲ್ಲ ಎಂಬುದನ್ನು ಮಕ್ಕಳಿಗೆ ಹೇಳಿ.

ರಾಯದುರ್ಗ, ಮಡಕಶಿರಾದಲ್ಲಿ ಮಕ್ಕಳನ್ನು ಕನ್ನಡ ಶಾಲೆಗೆ ಕಳಿಸುವ ನಿಮಗೆ ಒಂದು ಚಿಂತೆ ಇದ್ದೇ ಇರುತ್ತದೆ: ಪುಸ್ತಕ ಮುಚ್ಚಿದ ಮೇಲೆ ಈ ಭಾಷೆ ಎಲ್ಲಿ ಬಳಕೆಯಾಗುತ್ತದೆ? ಆಕಾಶದ ಹೆಸರುಗಳು ನಿಮ್ಮ ಹೊಲದಲ್ಲೇ ಇವೆ. ಶೇಂಗಾ ಬಿತ್ತುವಾಗ ನೀವು ರೋಹಿಣಿ, ಮೃಗಶಿರಾ, ಆರಿದ್ರಾ ಮಳೆ ಎನ್ನುತ್ತೀರಿ; ತೆಲುಗಿನ ನೆರೆಯವರು ಕಾರ್ತೆ ಎನ್ನುತ್ತಾರೆ. ಸೂರ್ಯ ಒಂದು ನಕ್ಷತ್ರದಲ್ಲಿ ಸುಮಾರು 13ರಿಂದ 14 ದಿನ ಇರುವ ಲೆಕ್ಕವೇ ಅದು.

ಹಳೆಯ ರಟ್ಟು ಕತ್ತರಿಸಿ 12 ರಾಶಿ, 27 ನಕ್ಷತ್ರಗಳ ಎಲೆ ಮಾಡಿಕೊಡಿ. ಪ್ರತಿ ನಕ್ಷತ್ರಕ್ಕೆ ನಾಲ್ಕು ಪಾದ, ಒಟ್ಟು 108. ಅದನ್ನು 12 ರಾಶಿಗಳಿಗೆ ಹಂಚಿದರೆ ತಲಾ ಒಂಬತ್ತು. ಮಗು ಗುಣಾಕಾರವನ್ನೂ ಕಲಿಯುತ್ತದೆ. ರಾಹು, ಕೇತುಗಳ ಎಲೆ ಸೇರಿಸಿದರೆ, ಅವು ಕಾಯಗಳಲ್ಲ, ಚಂದ್ರನ ದಾರಿ ಸೂರ್ಯನ ದಾರಿಯನ್ನು ದಾಟುವ ಎರಡು ಬಿಂದುಗಳು, ಗ್ರಹಣ ಆಗುವುದು ಅವುಗಳ ಬಳಿಯೇ ಎಂದು ಹೇಳಿ. ರಾತ್ರಿ ಊಟವಾದ ಮೇಲೆ ಎಲೆಗಳ ಸಮೇತ ಮಗುವನ್ನು ಅಂಗಳಕ್ಕೆ ಕರೆದೊಯ್ದು ಚಂದ್ರನ ಪಕ್ಕದ ನಕ್ಷತ್ರ ಯಾವುದೆಂದು ಕೇಳಿ.